ಭರತೇಶನ ದಿನಚರಿಯಲ್ಲಿ ಸುಖದ ಸ್ಥಾನ

ಗೃಹಸ್ಥನಾದವನು ಸುಖವಾಗಿದ್ದುಕೊಂಡೇ ಧರ್ಮಮಾರ್ಗದಲ್ಲಿ ನಡೆಯಬಹುದೇ ಎಂಬ ಪ್ರಶ್ನೆಗೆ ಕನ್ನಡದ ಜೈನ ಕವಿಗಳಲ್ಲಿ ಅತ್ಯಂತ ನಿಸ್ಸಂಕೋಚವಾಗಿ ‘ಹೌದು’ ಎಂದವನು ರತ್ನಾಕರವರ್ಣಿ. 16ನೆಯ ಶತಮಾನದಲ್ಲಿ ಮೂಡಬಿದಿರೆಯಲ್ಲಿ ಬಾಳಿದ ಈ ಕವಿ, ಸುಮಾರು 10,000 ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ದಲ್ಲಿ ಆದಿತೀರ್ಥಂಕರರ ಹಿರಿಯ ಮಗನೂ ಪ್ರಥಮ ಚಕ್ರವರ್ತಿಯೂ ಆದ ಭರತನನ್ನು ಕಾವ್ಯನಾಯಕನನ್ನಾಗಿ ಆರಿಸಿಕೊಂಡನು. ತೀರ್ಥಂಕರರನ್ನಾಗಲಿ, ತಪಸ್ಸಿನ ಮೂರ್ತಿಯಾದ ಬಾಹುಬಲಿಯನ್ನಾಗಲಿ ಬಿಟ್ಟು, ಮನೆಯಲ್ಲಿದ್ದು ಉಂಡು ಉಟ್ಟು ಹಾಡು ಕೇಳಿ ಮಲಗಿ ಎದ್ದ ಒಬ್ಬ ಸಂಸಾರಿಯನ್ನು ಮಹಾಕಾವ್ಯದ ನಡುವೆ ನಿಲ್ಲಿಸಿದ್ದೇ ಒಂದು ಧೈರ್ಯ.

ಆ ಧೈರ್ಯದ ಫಲವನ್ನು ಸಮಾಜವು ಬಹುಕಾಲದಿಂದ ಉಣ್ಣುತ್ತಲೇ ಬಂದಿದೆ. ಗೃಹಪ್ರವೇಶದ ಉಪನ್ಯಾಸವಿರಲಿ, ಬಸದಿಯ ಜೀರ್ಣೋದ್ಧಾರದ ಸಭೆಯಿರಲಿ, ಸಂಪತ್ತಿಗೂ ಧರ್ಮಕ್ಕೂ ವಿರೋಧವಿಲ್ಲವೆಂದು ಹೇಳಬೇಕಾದಾಗಲೆಲ್ಲ ಭರತೇಶನ ಹೆಸರು ಬರುತ್ತದೆ. ವಿಮರ್ಶಕರು ಇದಕ್ಕೆ ‘ಭೋಗ–ಯೋಗ ಸಮನ್ವಯ’ವೆಂದು ಹೆಸರಿಟ್ಟರು. ಹೆಸರು ಸುಂದರವಾಗಿದೆ; ಹೇಳುವುದಕ್ಕೂ ಸುಲಭ. ಆದರೆ ಈ ಸುಲಭತನವೇ ಕಾವ್ಯಕ್ಕೆ ಅಪಚಾರ ಮಾಡಿದೆಯೆಂದು ಅನುಮಾನಿಸಲು ಕಾರಣವಿದೆ. ಭರತನಂತೆ ಬಾಳುವುದು ಎಂದರೆ ಭರತನಂತೆ ಇಟ್ಟುಕೊಳ್ಳುವುದು ಎಂದು ಅರ್ಥ ಮಾಡಿಕೊಂಡವರು ಬಹುಮಂದಿ. ಕಾವ್ಯವು ಅದನ್ನೇ ಹೇಳುತ್ತದೆಯೇ ಎಂದು ನೋಡಲು ಸಂಧಿಗಳನ್ನು ಕ್ರಮವಾಗಿ ಓದಬೇಕಾಗುತ್ತದೆ.

ಮೊದಲಿಗೆ ಸುಖವೆಂಬ ಶಬ್ದದ ವಿಚಾರ. ಜೈನ ಸಿದ್ಧಾಂತದಲ್ಲಿ ಈ ಶಬ್ದಕ್ಕೆ ಎರಡು ನೆಲೆಗಳಿವೆ. ಸಾತಾವೇದನೀಯ ಕರ್ಮದ ಉದಯದಿಂದ ಅನುಭವಕ್ಕೆ ಬರುವ ಅನುಕೂಲ ಸಂವೇದನೆ ಒಂದು. ಅದು ಬರುತ್ತದೆ, ತೀರುತ್ತದೆ. ಆತ್ಮನ ಸ್ವಭಾವವೇ ಆದ ಸುಖ ಇನ್ನೊಂದು. ಅರಹಂತರ ಅನಂತಚತುಷ್ಟಯದಲ್ಲಿ ಎಣಿಸುವುದು ಅದನ್ನು. ಒಂದು ಸಾಲದಂತೆ ತೀರಿಸಬೇಕಾದದ್ದು, ಇನ್ನೊಂದು ಸ್ವಂತದ್ದು. ಇವೆರಡರ ನಡುವೆ ಶ್ರಾವಕನ ಪ್ರತಿದಿನದ ನೆಮ್ಮದಿಗೆ ಎಲ್ಲಿ ಸ್ಥಳ? ಬೆಳಗಿನ ಪೂಜೆ ಮುಗಿಸಿ ಅಂಗಡಿಯ ಬಾಗಿಲು ತೆಗೆಯುವವನಿಗೆ, ಸೂರ್ಯಾಸ್ತದೊಳಗೆ ಎಲ್ಲರ ಊಟ ಮುಗಿಸಬೇಕಾದ ಗೃಹಿಣಿಗೆ ಉಂಟಾಗುವ ಸಂತೋಷವು ಬರಿಯ ಪುಣ್ಯೋದಯವೇ, ಅಥವಾ ಅದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದೇ? ಶಾಸ್ತ್ರಗ್ರಂಥಗಳು ಈ ಪ್ರಶ್ನೆಯನ್ನು ಹೀಗೆ ಕೇಳುವುದಿಲ್ಲ. ಕಾವ್ಯ ಕೇಳುತ್ತದೆ.

‘ಭರತೇಶ ವೈಭವ’ದ ಮೊದಲ ಭಾಗವಾದ ಭೋಗವಿಜಯವನ್ನು ತೆರೆದವರಿಗೆ ತಕ್ಷಣ ಕಾಣುವ ಸಂಗತಿಯೆಂದರೆ, ಅಲ್ಲಿ ಕಥೆ ಬಹಳ ಕಡಿಮೆ. ಯುದ್ಧವಿಲ್ಲ, ಸ್ವಯಂವರವಿಲ್ಲ, ಶಾಪವಿಲ್ಲ. ಆಸ್ಥಾನ, ಮುನಿಭುಕ್ತಿ, ರಾಜಭುಕ್ತಿ, ಶಯ್ಯಾಗೃಹ, ಪರ್ವಾಭಿಷೇಕ, ಪಾರಣೆ—ಸಂಧಿಗಳ ಹೆಸರುಗಳನ್ನು ಓದಿದರೆ ಒಂದು ಮನೆಯ ದಿನಚರಿಯ ಪಟ್ಟಿಯನ್ನು ಓದಿದಂತಾಗುತ್ತದೆ. ಚಕ್ರವರ್ತಿಯ ಚರಿತ್ರೆಯನ್ನು ಬರೆಯಹೊರಟ ಕವಿ ದಿಗ್ವಿಜಯಕ್ಕೆ ಮುಂಚೆ ಅವನ ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಸಾವಧಾನವಾಗಿ ಬರೆಯುತ್ತಾನೆ. ಪುರಾಣಕಾವ್ಯದ ಪರಂಪರೆಯಲ್ಲಿ ಇದು ಅಸಾಧಾರಣ. ಷಟ್ಖಂಡದ ಒಡೆತನಕ್ಕಿಂತ ಒಂದು ದಿನವನ್ನು ಕಳೆಯುವ ಬಗೆಯೇ ಹೆಚ್ಚು ವರ್ಣನಾರ್ಹವೆಂದು ರತ್ನಾಕರನು ಬಗೆದಿದ್ದಾನೆ.

ಆ ದಿನದಲ್ಲಿ ಒಂದು ಅನುಕ್ರಮವಿದೆ. ಕಾವ್ಯದ ನೀತಿಯೆಲ್ಲ ಆ ಅನುಕ್ರಮದಲ್ಲೇ ಅಡಗಿದೆ. ಬೆಳಿಗ್ಗೆ ಜಿನಪೂಜೆಯಾದ ಬಳಿಕ ಭರತನು ಆಸ್ಥಾನಕ್ಕೆ ಬರುತ್ತಾನೆ. ಅಲ್ಲಿ ಅವನ ಮೊದಲ ಕೆಲಸ ಆಜ್ಞೆ ಮಾಡುವುದಲ್ಲ, ಕೇಳುವುದು: ಗಾಯಕರ ರಾಗಗಳನ್ನು ಕೇಳುತ್ತಾನೆ, ಕವಿಗಳ ಮಾತನ್ನು ಕೇಳುತ್ತಾನೆ, ಮೆಚ್ಚಿ ತಲೆದೂಗುತ್ತಾನೆ. ಆಸ್ಥಾನ ಮುಗಿದ ಮೇಲೆ ಊಟದ ಹೊತ್ತು. ಆದರೆ ಊಟಕ್ಕೆ ಕುಳಿತುಕೊಳ್ಳುವುದಿಲ್ಲ. ಅರಮನೆಯ ಮುಂದೆ ನಿಂತು ಆಹಾರಕ್ಕಾಗಿ ಬರುವ ಮುನಿಗಳ ದಾರಿಯನ್ನು ಕಾಯುತ್ತಾನೆ. ಮುನಿಗಳು ಬಂದ ಮೇಲೆ ಭಕ್ತಿಯಿಂದ ಪ್ರತಿಗ್ರಹಿಸಿ, ಆಹಾರವನ್ನಿತ್ತು, ಅವರನ್ನು ಬೀಳ್ಕೊಟ್ಟ ಮೇಲೆಯೇ ರಾಜಭುಕ್ತಿ.

ಮುನಿಭುಕ್ತಿ ಮತ್ತು ರಾಜಭುಕ್ತಿ ಎಂಬ ಎರಡು ಸಂಧಿಗಳನ್ನು ಕವಿ ಒಂದರ ಹಿಂದೆ ಒಂದಾಗಿ ಇಟ್ಟಿರುವುದು ಕೇವಲ ವಿಧಿಯ ಪಾಲನೆಗಾಗಿ ಎಂದು ತಿಳಿದರೆ ಸೂಕ್ಷ್ಮವೊಂದು ತಪ್ಪಿಹೋಗುತ್ತದೆ. ಕಾಯುವ ಆ ಹೊತ್ತನ್ನು ಗಮನಿಸಬೇಕು. ಷಟ್ಖಂಡಾಧಿಪತಿಯು ಹಸಿದು ಬಾಗಿಲಲ್ಲಿ ನಿಂತಿದ್ದಾನೆ. ಯಾರನ್ನು ಬೇಕಾದರೂ ಕರೆಸಿಕೊಳ್ಳಬಲ್ಲವನಿಗೆ ಮುನಿಯನ್ನು ಮಾತ್ರ ಕರೆಸಿಕೊಳ್ಳಲು ಸಾಧ್ಯವಿಲ್ಲ. ಮುನಿ ಬರಬಹುದು, ಬಾರದಿರಬಹುದು. ಬಂದರೂ ಸಂಕಲ್ಪ ಕೂಡದೆ ಮುಂದಿನ ಮನೆಗೆ ಹೋಗಬಹುದು. ಆ ಒಂದು ಗಳಿಗೆಯಲ್ಲಿ ಚಕ್ರವರ್ತಿಗೂ ಬೀದಿಯ ಕಡೆಯ ಮನೆಯ ಬಡ ಶ್ರಾವಕನಿಗೂ ವ್ಯತ್ಯಾಸವಿಲ್ಲ. ಅನಂತರ ಅವನು ಉಣ್ಣುವ ಊಟದಲ್ಲಿ ರುಚಿ ಇದ್ದರೆ ಅದು ಭಕ್ಷ್ಯಗಳ ಸಂಖ್ಯೆಯಿಂದ ಬಂದದ್ದಲ್ಲ. ಕಾವ್ಯದಲ್ಲಿ ಭಕ್ಷ್ಯಗಳ ವರ್ಣನೆಯೇನೋ ದೀರ್ಘವಾಗಿದೆ (ಈ ವಿಷಯದಲ್ಲಿ ರತ್ನಾಕರನಿಗೆ ಸಂಕೋಚವೆಂಬುದೇ ಇಲ್ಲ), ಆದರೂ ಓದುಗನ ಮನಸ್ಸಿನಲ್ಲಿ ಉಳಿಯುವುದು ಬಾಗಿಲಲ್ಲಿ ನಿಂತ ಮನುಷ್ಯ.

ಆಸ್ಥಾನದ ಸಂಧಿಯಲ್ಲೂ ಇದೇ ತತ್ತ್ವ ಬೇರೊಂದು ರೂಪದಲ್ಲಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಇವುಗಳಲ್ಲಿ ಉಪನ್ಯಾಸಗಳ ಭಾಗ್ಯ ದೊರೆತಿರುವುದು ಮೈತ್ರಿಗೆ ಮತ್ತು ಕಾರುಣ್ಯಕ್ಕೆ. ಪ್ರಮೋದವು, ಎಂದರೆ ತನಗಿಂತ ಗುಣದಲ್ಲಿ ಹೆಚ್ಚಿನವರನ್ನು ಕಂಡಾಗ ಉಂಟಾಗಬೇಕಾದ ಹರ್ಷವು, ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆದರೆ ದಿನನಿತ್ಯದ ಸುಖವನ್ನು ಬೆಳೆಸಿಕೊಳ್ಳುವ ಉಪಾಯ ಜೈನ ನೀತಿಶಾಸ್ತ್ರದಲ್ಲಿ ಎಲ್ಲಿದೆಯೆಂದು ಹುಡುಕುವವರು ಅಲ್ಲಿಗೇ ಹೋಗಬೇಕು. ಕರುಣೆಗೆ ಇನ್ನೊಬ್ಬರ ಕಷ್ಟ ಬೇಕು. ಪ್ರಮೋದಕ್ಕೆ ಇನ್ನೊಬ್ಬರ ಏಳಿಗೆ ಸಾಕು. ನೆರೆಮನೆಯ ಹುಡುಗನು ಪರೀಕ್ಷೆಯಲ್ಲಿ ಮುಂದೆ ಬಂದಾಗ, ಇನ್ನೊಂದು ಊರಿನ ಬಸದಿಯ ಪಂಚಕಲ್ಯಾಣವು ನಮ್ಮೂರಿನದಕ್ಕಿಂತ ಚೆನ್ನಾಗಿ ನಡೆದಾಗ ಮನಸ್ಸು ಅರಳುತ್ತದೆಯೋ ಮುದುಡುತ್ತದೆಯೋ ಎಂಬುದು ಪ್ರತಿಯೊಬ್ಬರೂ ಒಳಗೇ ಬಲ್ಲ ಸಂಗತಿ. ಭರತನು ಹಾಡಿದವನನ್ನು ಮೆಚ್ಚುತ್ತಾನೆ, ಕವಿಯನ್ನು ಮೆಚ್ಚುತ್ತಾನೆ, ರಾಣಿಯರ ಕಾವ್ಯಚಾತುರ್ಯವನ್ನು ಮೆಚ್ಚುತ್ತಾನೆ. ಕುಸುಮಾಜಿ ತನ್ನ ಗಿಳಿಯೊಡನೆ ಆಡುವ ಮಾತುಗಳ ಪ್ರಸಂಗ ಶೃಂಗಾರಕ್ಕಾಗಿ ಪ್ರಸಿದ್ಧವಾದದ್ದು. ಆದರೆ ಅದರ ಹಿಂದೆಯೂ ಇನ್ನೊಬ್ಬರ ಜಾಣ್ಮೆಯನ್ನು ಕಂಡು ನಲಿಯುವ ಒಂದು ಮನೆಯ ವಾತಾವರಣವಿದೆ. ಭರತನ ಸುಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಮೆಚ್ಚುಗೆಯದು. ಅದಕ್ಕೆ ನವನಿಧಿಗಳಾಗಲಿ ಚತುರ್ದಶ ರತ್ನಗಳಾಗಲಿ ಬೇಕಿಲ್ಲ.

ಹೀಗೆ ಉಂಡು ಹಾಡಿ ನಲಿದ ದಿನದ ಹಿಂದೆಯೇ ಪರ್ವದ ದಿನ ಬರುತ್ತದೆ. ಭೋಗದ ಭಾಗವನ್ನು ಕವಿ ಭೋಗದಲ್ಲೇ ಮುಗಿಸದೆ ಉಪವಾಸದತ್ತ ತಂದದ್ದು ಅರ್ಥಪೂರ್ಣ. ಅಭಿಷೇಕ, ಉಪವಾಸ, ಜಿನಮಂದಿರದಲ್ಲಿ ತತ್ತ್ವೋಪದೇಶ, ಮರುದಿನ ಪಾರಣೆ. ರುಚಿಯ ನಾಲಗೆಯನ್ನು ಒಂದು ದಿನ ಸುಮ್ಮನಿರಿಸಿ ಮರುದಿನ ಮತ್ತೆ ಅನ್ನದ ಮುಂದೆ ಕೂರಿಸುವ ಈ ಕ್ರಮವನ್ನು ಅಷ್ಟಮಿ ಚತುರ್ದಶಿಗಳನ್ನು ಆಚರಿಸುವ ಯಾವ ಮನೆಯವರಿಗೂ ವಿವರಿಸಬೇಕಾಗಿಲ್ಲ. ಪಾರಣೆಯ ದಿನದ ಗಂಜಿಯ ರುಚಿ ಹಬ್ಬದ ದಿನದ ಹೋಳಿಗೆಗೆ ಇರುವುದಿಲ್ಲವೆಂಬುದು ಹಿರಿಯರೆಲ್ಲ ಬಲ್ಲ ಮಾತು. ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರಾಚಾರ್ಯರು ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳಲು ಶ್ರಾವಕನಿಗೆ ಹೇಳಿದ್ದಾರೆ. ರತ್ನಾಕರನ ದಾರಿ ಸ್ವಲ್ಪ ಬೇರೆ. ಅವನು ಎಷ್ಟು ಎಂದು ಅಳೆಯುವುದಕ್ಕಿಂತ ಯಾವುದರ ಹಿಂದೆ ಯಾವುದು ಎಂದು ಕೇಳುತ್ತಾನೆ. ಕೊಟ್ಟು ಉಣ್ಣುವುದು, ಕೇಳಿ ಆಡುವುದು, ಬಿಟ್ಟು ಹಿಡಿಯುವುದು—ಇಷ್ಟು ಅವನ ಸುಖದ ವ್ಯಾಕರಣ.

ಇದರೊಡನೆ ಪಾಠಶಾಲೆಗಳಲ್ಲಿ ಮಕ್ಕಳಿಗೆ ಹೇಳುವ ಎಣ್ಣೆಯ ಬಟ್ಟಲಿನ ಕಥೆಯನ್ನು ಹೋಲಿಸಿ ನೋಡುವುದು ಉಪಯುಕ್ತ. ಇಷ್ಟು ಐಶ್ವರ್ಯದ ನಡುವೆ ಭರತನು ಹೇಗೆ ನಿರ್ಲಿಪ್ತನಾದಾನು ಎಂದು ಸಂಶಯಪಟ್ಟವನೊಬ್ಬನ ಕೈಗೆ ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲನ್ನಿತ್ತು, ಹಿಂದೆ ಕತ್ತಿ ಹಿರಿದ ಭಟರನ್ನಿಟ್ಟು, ಒಂದು ಹನಿ ಚೆಲ್ಲಿದರೂ ತಲೆ ಹೋಗುವುದೆಂದು ಹೇಳಿ, ಊರೆಲ್ಲ ಸುತ್ತಿಸಿದ ಕಥೆಯದು. ಸುತ್ತಿ ಬಂದವನು ಬೀದಿಯ ನಾಟಕ ಹಾಡು ಯಾವುದನ್ನೂ ಕಂಡಿರಲಿಲ್ಲ. ಜಾಗೃತಿಯನ್ನು ತಿಳಿಸಲು ಕಥೆ ಚೆನ್ನಾಗಿದೆ. ಆದರೆ ಅದು ಕೊಡುವ ಚಿತ್ರದಲ್ಲಿ ಸುಖಕ್ಕೆ ಸ್ಥಳವಿಲ್ಲ. ಕತ್ತಿಯ ಭಯದಲ್ಲಿ ನಡೆದವನು ಹಾಡನ್ನು ತಪ್ಪಿಸಿಕೊಂಡನು, ಅಷ್ಟೆ. ರತ್ನಾಕರನ ಭರತನು ಹಾಡನ್ನು ಕೇಳುತ್ತಾನೆ, ಯಾವ ರಾಗವೆಂದು ಗುರುತಿಸುತ್ತಾನೆ, ಕಣ್ಣು ಮುಚ್ಚಿದೊಡನೆ ಒಳಗಿನ ಹಂಸನಾಥನನ್ನೂ ಕಾಣುತ್ತಾನೆ. ಬಟ್ಟಲೂ ಚೆಲ್ಲುವುದಿಲ್ಲ, ಬೀದಿಯೂ ಮರೆಯಾಗುವುದಿಲ್ಲ. ಭಯವನ್ನು ಧರ್ಮದ ತಳಹದಿಯಿಂದ ತೆಗೆದುಹಾಕಿದ್ದು ಈ ಕಾವ್ಯದ ದೊಡ್ಡ ಉಪಕಾರವೆಂದು ಧಾರಾಳವಾಗಿ ಹೇಳಬಹುದು. ಮಕ್ಕಳಿಗೆ ಎಣ್ಣೆಯ ಬಟ್ಟಲಿನ ಕಥೆಯನ್ನು ಮಾತ್ರ ಹೇಳಿ ಬೆಳೆಸಿದ ಮನೆಗಳಲ್ಲಿ ಧರ್ಮವೆಂದರೆ ಮುಖ ಬಿಗಿದುಕೊಂಡಿರುವುದು ಎಂಬ ಭಾವನೆ ಬೆಳೆದಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಣೆಗಳಿಗೆ ಬರಬೇಕು. ಅವು ಹಗುರವಾದವಲ್ಲ.

ಭರತನ ಮನೆಯಲ್ಲಿ ಕೆಟ್ಟ ದಿನವೆಂಬುದೇ ಬರುವುದಿಲ್ಲ. ಅವನಿಗೆ 96,000 ಮಂದಿ ರಾಣಿಯರು. ಅಷ್ಟು ಜನರ ನಡುವೆ ಸುಳಿಯಬೇಕಾದ ಮತ್ಸರಕ್ಕೆ ಈ ಕಾವ್ಯದಲ್ಲಿ ಬೇರೂರಲು ನೆಲವಿಲ್ಲ. ಇದ್ದರೂ ಅದು ಸರಸದ ಒಂದು ಬಗೆಯಾಗಿ ಕರಗಿಹೋಗುತ್ತದೆ. ಪುರಾಣೋಕ್ತ ಸಂಖ್ಯೆಯನ್ನು ಕವಿ ಬದಲಿಸಲಾರನು, ನಿಜ. ಆದರೆ ಆ ಸಂಖ್ಯೆಯೊಳಗಿನ ಒಂದು ನಿಟ್ಟುಸಿರನ್ನಾದರೂ ಕೇಳಿಸಬಹುದಾಗಿತ್ತು. ಮುನಿಭುಕ್ತಿಯ ಅಡುಗೆಯನ್ನು ಬೇಯಿಸಿದ ಕೈಗಳ ಸುಖದುಃಖದ ಬಗ್ಗೆಯೂ ಕವಿಗೆ ಕುತೂಹಲವಿಲ್ಲ. ಆಹಾರದಾನದ ಪುಣ್ಯ ಬಾಗಿಲಲ್ಲಿ ನಿಂತವನಿಗೆ ಸೇರಿತು. ಒಲೆಯ ಮುಂದೆ ನಿಂತವರ ಮಾತೇನು? ಇಂದಿನ ಮನೆಗಳಲ್ಲಿ ಚಾತುರ್ಮಾಸದ ತಿಂಗಳುಗಳಲ್ಲಿ ನಸುಕಿಗೆ ಎದ್ದು ಶುದ್ಧಿಯಿಂದ ಅಡುಗೆ ಮಾಡುವ ಸ್ತ್ರೀಯರು ಈ ಸಂಧಿಯನ್ನು ಓದಿದರೆ ತಮ್ಮನ್ನು ಅದರಲ್ಲಿ ಕಾಣುವುದು ಕಷ್ಟ. ಸುಖದ ದಿನಚರಿ ಒಬ್ಬನದಾಗಬೇಕಾದರೆ ಅದರ ಶ್ರಮ ಹಲವರದಾಗಿರುತ್ತದೆ ಎಂಬ ಸತ್ಯವನ್ನು ವೈಭವದ ಬೆಳಕು ಮರೆಮಾಡಿದೆ.

ಪಂಪನ ‘ಆದಿಪುರಾಣ’ವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. 941ರಲ್ಲಿ ರಚಿತವಾದ ಆ ಕಾವ್ಯವೂ ಅದಕ್ಕೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣವೂ ಭರತನಿಗೆ ಸುಖದ ಜೊತೆಯಲ್ಲಿ ಲಜ್ಜೆಯನ್ನೂ ಕೊಟ್ಟಿವೆ. ತಂದೆಗೆ ಕೇವಲಜ್ಞಾನ ಉದಯಿಸಿತೆಂಬ ಸುದ್ದಿ, ಆಯುಧಾಗಾರದಲ್ಲಿ ಚಕ್ರರತ್ನ ಹುಟ್ಟಿತೆಂಬ ಸುದ್ದಿ, ಮಗ ಹುಟ್ಟಿದನೆಂಬ ಸುದ್ದಿ ಮೂರೂ ಒಂದೇ ಸಲ ಬಂದಾಗ ಭರತನು ಮೊದಲು ಸಮವಸರಣದತ್ತ ನಡೆದನು. ಮೂರು ಸಂತೋಷಗಳಲ್ಲಿ ಯಾವುದಕ್ಕೆ ಮೊದಲ ಮಣೆ ಎಂದು ನಿಶ್ಚಯಿಸಿದ ಆ ಗಳಿಗೆ ಅವನ ಬಾಳಿನ ಎತ್ತರ. ಆದರೆ ಅದೇ ಭರತನು ದಿಗ್ವಿಜಯ ಮುಗಿಸಿ ವೃಷಭಾದ್ರಿಯ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿಹೋಗಿತ್ತು. ಗರ್ವ ಮುರಿಯಿತು, ಆದರೂ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸಿದನು. ಗರ್ವ ಮುರಿದ ಮೇಲೂ ಹೆಸರು ಬರೆಸಿದ ಈ ಸಂಗತಿಯಲ್ಲಿ ಮನುಷ್ಯಸ್ವಭಾವದ ಎಷ್ಟು ನಿಷ್ಠುರವಾದ ತಿಳಿವಳಿಕೆ ಇದೆ! ಬಸದಿಗಳ ಗೋಡೆ, ನೆಲ, ಮೆಟ್ಟಿಲು, ಗಡಿಯಾರ, ಬೀಸಣಿಗೆಗಳ ಮೇಲೆಲ್ಲ ದಾನಿಗಳ ಹೆಸರುಗಳನ್ನು ಬರೆಸುವ ಟ್ರಸ್ಟುಗಳ ಸಭೆಯಲ್ಲಿ ಭರತನನ್ನು ನೆನೆಯುವವರು ಅಪ್ಪಿತಪ್ಪಿಯೂ ಈ ಪ್ರಸಂಗವನ್ನು ಹೇಳುವುದಿಲ್ಲ. ದಾನದ ಸುಖ ಹೆಸರಿನ ಸುಖವಾಗಿ ಬದಲಾಗುವ ಕ್ಷಣವನ್ನು ಪಂಪನು ಬಲ್ಲ.

ಇನ್ನು ಬಾಹುಬಲಿಯ ಪ್ರಸಂಗ. ‘ಭರತೇಶ ವೈಭವ’ದ ಬೆಲೆ ಕಟ್ಟಬೇಕಾದದ್ದು ಇಲ್ಲಿಯೇ.

ಪೂರ್ವಪರಂಪರೆಯ ಕಥೆ ಎಲ್ಲರಿಗೂ ತಿಳಿದದ್ದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಸೋತನು. ತಮ್ಮನು ಅವನನ್ನು ಮೇಲೆತ್ತಿದರೂ ನೆಲಕ್ಕೆ ಬಡಿಯದೆ ಗೌರವದಿಂದ ಇಳಿಸಿದನು. ಆಗ ಭರತನು ಕೋಪದಿಂದ ಚಕ್ರವನ್ನು ಪ್ರಯೋಗಿಸಿದನು. ಅದು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ರಾಜ್ಯವೆಂಬುದು ಅಣ್ಣನಿಂದಲೂ ಇಂಥ ಕೆಲಸ ಮಾಡಿಸುವುದನ್ನು ಕಂಡು ಬಾಹುಬಲಿ ಎಲ್ಲವನ್ನೂ ತೊರೆದನು. ರತ್ನಾಕರನು ಇದನ್ನು ಬದಲಿಸಿದನು. ಅವನ ಭರತನು ಕಾದುವುದೇ ಇಲ್ಲ. ಸೇನೆಗಳು ಎದುರಾಗಿ ನಿಂತಾಗ ತಮ್ಮನ ಮುಂದೆ ಮೃದುವಾದ ಮಾತುಗಳನ್ನಾಡಿ, ಅವನ ಹಿರಿಮೆಯನ್ನು ತಾನೇ ಹೊಗಳಿ, ಕಾದುವ ಮುಂಚೆಯೇ ಸೋಲನ್ನು ಒಪ್ಪಿಕೊಂಡುಬಿಡುತ್ತಾನೆ. ಬಾಹುಬಲಿಯ ಮನಸ್ಸು ಕರಗುತ್ತದೆ. ಪಶ್ಚಾತ್ತಾಪದಿಂದ ಅವನು ತಪಸ್ಸಿಗೆ ಹೊರಡುತ್ತಾನೆ.

ಈ ಮಾರ್ಪಾಡನ್ನು ಕವಿಯ ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ. ತನ್ನ ನಾಯಕನ ಮುಖಕ್ಕೆ ಮಸಿ ತಾಗಬಾರದೆಂಬ ಮಮತೆ ಅಲ್ಲಿ ಕೆಲಸ ಮಾಡಿರುವುದು ನಿಜವೇ. ಆದರೆ ಅದರಲ್ಲಿ ಒಂದು ಗಹನವಾದ ಸೂಚನೆಯೂ ಇದೆ. ಸುಖವನ್ನು ದಿನಚರಿಯಾಗಿ ಅಭ್ಯಾಸ ಮಾಡಿದವನಿಗೆ ಆ ಅಭ್ಯಾಸದ ಪರೀಕ್ಷೆ ಎಲ್ಲಿ? ಹಾಡು ಕೇಳುವಾಗ ಅಲ್ಲ, ಉಣ್ಣುವಾಗ ಅಲ್ಲ. ಒಡಹುಟ್ಟಿದವನು ಎದುರಾಗಿ ನಿಂತು ‘ನಿನಗೆ ಮಣಿಯಲಾರೆ’ ಎಂದಾಗ. ಇನ್ನೊಬ್ಬರ ಗುಣವನ್ನು ಮೆಚ್ಚಿ ಮೆಚ್ಚಿ ಪಳಗಿದ ನಾಲಗೆಗೆ ಮಾತ್ರ ಆ ಹೊತ್ತಿನಲ್ಲಿ ‘ನೀನು ನನಗಿಂತ ಹೆಚ್ಚಿನವನು’ ಎಂಬ ಮಾತು ಬಂದೀತು. ಆಸ್ಥಾನದಲ್ಲಿ ಗಾಯಕನನ್ನು ಮೆಚ್ಚಿದ ಪ್ರಮೋದವೇ ರಣರಂಗದಲ್ಲಿ ತಮ್ಮನನ್ನು ಮೆಚ್ಚಿದ್ದು. ಹೀಗೆ ನೋಡಿದಾಗ ಭೋಗವಿಜಯದ ಆ ನಿಧಾನವಾದ ಸಂಧಿಗಳಿಗೆ ಒಂದು ಪ್ರಯೋಜನ ಸಿದ್ಧಿಸುತ್ತದೆ. ಅವು ಈ ಒಂದು ಗಳಿಗೆಗಾಗಿ ನಡೆದ ತಾಲೀಮು ಎನಿಸುತ್ತದೆ.

ಗದ್ದೆ ತೋಟಗಳ ಪಾಲಿಗಾಗಿ, ಅಂಗಡಿಯ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಹೋದರರು ಸಮಾಜದಲ್ಲಿ ಇಲ್ಲದಿಲ್ಲ. ಇಬ್ಬರೂ ಒಂದೇ ಬಸದಿಗೆ ಬರುತ್ತಾರೆ, ಒಂದೇ ಗಂಧೋದಕವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಅಂಥ ಮನೆಗಳಲ್ಲಿ ಧನವಿದ್ದೂ ಅನ್ನ ರುಚಿಸುವುದಿಲ್ಲ. ಯುದ್ಧಕ್ಕೆ ಮುಂಚೆಯೇ ಸೋತೆನೆಂದ ರತ್ನಾಕರನ ಭರತನು ಅವರಿಗೆ ಹೇಳಬೇಕಾದದ್ದನ್ನು ಪಂಪನ ಭರತನು ಹೇಳಲಾರನು. ಪಂಪನಲ್ಲಿ ತಿಳಿವು ಬರುವುದು ಚಕ್ರ ಕೈಬಿಟ್ಟ ಮೇಲೆ.

ಆದರೂ ಒಂದು ಮುಳ್ಳು ಉಳಿಯುತ್ತದೆ. ರತ್ನಾಕರನ ಭರತನು ಒಪ್ಪಿಕೊಂಡದ್ದು ಸೋಲಿನ ಮಾತನ್ನು, ಸೋಲನ್ನು ಅನುಭವಿಸಲಿಲ್ಲ. ರಾಜ್ಯ ಅವನಲ್ಲೇ ಉಳಿಯಿತು, ಕಾಡಿಗೆ ಹೋದವನು ತಮ್ಮ. ಅಷ್ಟು ಸವಿಯಾಗಿ ಮಾತಾಡಬಲ್ಲವನ ಸವಿಮಾತಿನಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ರಾಜನೀತಿ ಎಂದು ಓದುಗನು ಕೇಳಿದರೆ ಕವಿಯ ಬಳಿ ಉತ್ತರವಿಲ್ಲ. ಜಿನಸೇನರ ಕಥೆಯಲ್ಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯ ಅಂತರಂಗದಲ್ಲಿ, ತನ್ನಿಂದ ಅಣ್ಣನಿಗೆ ಸಂಕ್ಲೇಶವಾಯಿತೆಂಬ ಒಂದು ಎಳೆ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಆ ಎಳೆ ಕಡಿದು ಕೇವಲಜ್ಞಾನವಾಯಿತು. ನಿಜವಾಗಿ ಸೋತ ಅಣ್ಣನು ನಿಜವಾಗಿ ನಡೆದುಬಂದು ಬಾಗಿದ್ದು ಅದು. ಅಣ್ಣನ ಲಜ್ಜೆಯೂ ತಮ್ಮನ ಮುಕ್ತಿಯೂ ಒಂದಕ್ಕೊಂದು ಹೆಣೆದುಕೊಂಡ ಆ ಚಿತ್ರದ ಮುಂದೆ ‘ಭರತೇಶ ವೈಭವ’ದ ಸಂಧಾನ, ಎಷ್ಟೇ ಮಧುರವಾಗಿದ್ದರೂ, ಸ್ವಲ್ಪ ಅಗ್ಗವಾಗಿ ದೊರೆತ ಸಮಾಧಾನವೆನಿಸುತ್ತದೆ.

ಕವಿಯ ಕಾಲದೇಶಗಳನ್ನು ನೆನೆದರೆ ಈ ಮಾರ್ಪಾಡು ಇನ್ನೂ ವಿಸ್ಮಯಕರ. ರತ್ನಾಕರನು ಕಾರ್ಕಳದ ಭೈರರಸರ ಆಶ್ರಯ ಪಡೆದವನೆಂದು ಪ್ರತೀತಿಯಿದೆ. ಅವನು ಹುಟ್ಟುವುದಕ್ಕೆ ಬಹಳ ಮುಂಚೆ, 1432ರಲ್ಲಿಯೇ, ಅದೇ ವಂಶದ ವೀರಪಾಂಡ್ಯನು ಕಾರ್ಕಳದ ಬಂಡೆಯ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದ್ದನು. ಗೆದ್ದು ತೊರೆದವನ ಮೂರ್ತಿ ಆ ಸೀಮೆಯ ಆಕಾಶದಲ್ಲಿ ಹಗಲಿರುಳು ನಿಂತಿರುವಾಗ, ಸೋತು ಉಳಿದವನ ಬಗ್ಗೆ 10,000 ಪದ್ಯಗಳನ್ನು ಬರೆಯಲು ಅವನು ಕುಳಿತನು. ಬೆಟ್ಟದ ಮೇಲಿನವನಿಗೆ ಮಹಾಮಸ್ತಕಾಭಿಷೇಕವಿದೆ. ಮನೆಗೆ ಹಿಂದಿರುಗಿದವನಿಗೆ ಏನಿದೆ ಎಂಬ ಪ್ರಶ್ನೆ ಅವನನ್ನು ಕಾಡಿರಬೇಕು. ಶ್ರವಣಬೆಳಗೊಳದ ಅಖಂಡ ಬಾಗಿಲಿನ ಇಕ್ಕೆಲಗಳಲ್ಲಿ ಬಾಹುಬಲಿಗೂ ಭರತನಿಗೂ ಪುಟ್ಟ ಗುಡಿಗಳಿವೆ. ಮೆಟ್ಟಿಲು ಹತ್ತುವ ಯಾತ್ರಿಕರ ಕಣ್ಣು ಮೇಲಿನ ಗೊಮ್ಮಟನ ಮೇಲಿರುವುದರಿಂದ ಭರತನ ಮುಂದೆ ನಿಲ್ಲುವವರು ವಿರಳ. ಆ ಉಪೇಕ್ಷೆಗೆ ಪರಿಹಾರವೆಂಬಂತೆ ಈ ಕಾವ್ಯ ಹುಟ್ಟಿತೆಂದರೆ ಅದರ ಅತಿರೇಕಗಳನ್ನು ಕ್ಷಮಿಸಲು ಮನಸ್ಸಾಗುತ್ತದೆ.

ಕವಿಯ ಬಾಳಿನ ಬಗ್ಗೆ ದೇವಚಂದ್ರನು 19ನೆಯ ಶತಮಾನದ ‘ರಾಜಾವಳೀಕಥೆ’ಯಲ್ಲಿ ಹೇಳಿರುವ ಕಥೆಯೊಂದುಂಟು. ತನ್ನ ಕಾವ್ಯವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂದು ರತ್ನಾಕರನು ಬಯಸಿದನಂತೆ. ಅದರಲ್ಲಿ ಶಾಸ್ತ್ರಕ್ಕೆ ವಿರುದ್ಧವಾದ ಕೆಲವು ಪದ್ಯಗಳಿವೆಯೆಂದು ಭಟ್ಟಾರಕರು ಒಪ್ಪಲಿಲ್ಲವಂತೆ. ಕವಿ ಮುನಿದು ವೀರಶೈವನಾಗಿ ಮುಂದೆ ಮರಳಿ ಬಂದನಂತೆ. ಕವಿ ಕಾಲವಾಗಿ ಶತಮಾನಗಳ ಮೇಲೆ ಬರೆದ ಈ ಕಥೆಯನ್ನು ಇತಿಹಾಸವೆಂದು ಎಣಿಸುವಂತಿಲ್ಲ. ಆದರೆ ಅದನ್ನು ಕಟ್ಟಿದ ಜನಮನಸ್ಸು ಒಂದು ವಿಷಯವನ್ನು ಚೆನ್ನಾಗಿ ಗುರುತಿಸಿದೆ: ತಮ್ಮನ ಮುಂದೆ ನಗುನಗುತ್ತ ಸೋಲೊಪ್ಪುವ ಭರತನನ್ನು ಸೃಷ್ಟಿಸಿದವನಿಗೇ ಒಂದು ಮೆರವಣಿಗೆ ನಿಂತುಹೋದದ್ದನ್ನು ತಾಳಿಕೊಳ್ಳಲಾಗಲಿಲ್ಲ.

ಕಥೆ ಸುಳ್ಳೇ ಇರಲಿ. ‘ರತ್ನಾಕರಾಧೀಶ್ವರ ಶತಕ’ವಂತೂ ಸುಳ್ಳಲ್ಲ. ಅದರ ಸ್ವರವೇ ಬೇರೆ. ಅಲ್ಲಿ ಮನಸ್ಸು ಚಂಚಲವಾಗಿದೆ, ದೇಹ ಹೇಸಿಕೆ ತಂದಿದೆ, ಸಂಸಾರ ಸಾಕಾಗಿದೆ; ಕವಿ ಜಿನೇಂದ್ರನನ್ನು ಕರೆದು ತನ್ನ ಕೊರತೆಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ. ಭರತನ ಅರಮನೆಯಲ್ಲಿ ಎಲ್ಲಿಯೂ ಬಾರದ ಕೆಟ್ಟ ದಿನಗಳೆಲ್ಲ ಶತಕದಲ್ಲಿ ಬಂದು ನೆರೆದಿವೆ. ಎರಡನ್ನೂ ಬರೆದದ್ದು ಒಂದೇ ಕೈ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವರಿಗೆ ರತ್ನಾಕರನು ಹಗುರವಾದ ಸುಖವಾದಿಯಾಗಿಯೋ ಕಹಿಯಾದ ವೈರಾಗ್ಯವಾದಿಯಾಗಿಯೋ ಕಾಣುತ್ತಾನೆ. ಹೀಗೆ ಅರ್ಧರ್ಧ ಓದಿ ಅಭಿಪ್ರಾಯ ಕಟ್ಟಿಕೊಂಡವರು ಪಂಡಿತರಲ್ಲಿಯೂ ಇದ್ದಾರೆ.

ಸಾಂಗತ್ಯವು ಹಾಡಿಕೊಳ್ಳಲು ಒದಗುವ ಛಂದಸ್ಸು. ಕನ್ನಡಿಗರೂ ತೆಲುಗರೂ ತುಳುವರೂ ತಮ್ಮ ತಮ್ಮ ನುಡಿಯಲ್ಲಿ ಮೆಚ್ಚಿ ತಲೆದೂಗಬೇಕೆಂದು ಕವಿ ಆರಂಭದಲ್ಲೇ ಆಸೆಪಟ್ಟಿದ್ದಾನೆ. ಒಬ್ಬರು ಓದಿ ಮನೆಯವರೆಲ್ಲ ಕೇಳುವುದಕ್ಕೆಂದೇ ಹುಟ್ಟಿದ ಈ ಕಾವ್ಯ ಇಂದು ಬಹುಮಟ್ಟಿಗೆ ಪಠ್ಯಭಾಗವಾಗಿ, ಭಾಷಣದ ದೃಷ್ಟಾಂತವಾಗಿ ಉಳಿದಿದೆ. ಸ್ವಾಧ್ಯಾಯದ ಕೂಟಗಳಲ್ಲಿ ಇದನ್ನು ಮತ್ತೆ ಕೈಗೆತ್ತಿಕೊಳ್ಳುವುದಾದರೆ ರಾಜಭುಕ್ತಿಯ ಭಕ್ಷ್ಯಗಳವರೆಗೆ ಓದಿ ಗ್ರಂಥವನ್ನು ಮುಚ್ಚದೆ ಪಾರಣೆಯ ಸಂಧಿಯವರೆಗಾದರೂ ಹೋಗಬೇಕು. ಬಾಹುಬಲಿಯ ಸಂಧಿಗಳನ್ನು ಓದಿದ ವಾರವೇ ಪಂಪನ ಮಲ್ಲಯುದ್ಧವನ್ನೂ ತೆರೆದು ಓದಬೇಕು. ಓದುವ ಸರದಿ ಆ ವಾರ ಮನೆಯ ಹಿರಿಯ ಮಗನದಾಗಿದ್ದರೆ ಇನ್ನೂ ಒಳ್ಳೆಯದು.